ಡಬ್ಬಿ ಸುಮ್ಮನಿದ್ದ ದಿನ

ಮೊನ್ನೆ ಅಫಜಲಪುರದ ಸಂತೆಯಲ್ಲಿ ಒಬ್ಬಳು ಪುಂಡಿಪಲ್ಲೆ ಸೊಪ್ಪಿನ ಸಿವುಡು ಬಿಚ್ಚಿ ನನ್ನ ಮುಂದೆ ಹಿಡಿದಳು. ಬೇರಿಗೆ ಹೊಳೆಯ ಹಸಿಮಣ್ಣು ಅಂಟಿಕೊಂಡಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಚಾಚಿ ನೆನಪಾದಳು. ಪಲ್ಲೆ ಕೊಳ್ಳದೆ ಬಂದುಬಿಟ್ಟೆ...

ಚಾಚಿ ಭೀಮಾ ದಂಡೆಯ ತುಂಡು ಹೊಲದಲ್ಲಿ ಕಾಯಿಪಲ್ಲೆ ಬೆಳೆಯುತ್ತಿದ್ದಳು. ಎತ್ತರದ ಆಳು, ದೊಡ್ಡ ದನಿ. ನಮ್ಮವ್ವನೊಡನೆ ಕನ್ನಡ, ತನ್ನ ಕೋಳಿಗಳೊಡನೆ ಉರ್ದು, ಸಿಟ್ಟು ಬಂದರೆ ಎರಡೂ ಒಟ್ಟಿಗೆ. ಹೊಳೆಯ ಮೇಲಿನೂರುಗಳಿಂದ ನೀರು ನುಗ್ಗಿ ಬಂದಾಗಲೆಲ್ಲ ದಂಡೆಯ ಪಂಪುಗಳು ಕೊಚ್ಚಿಹೋಗುತ್ತಿದ್ದವು. ಅದಕ್ಕೇ ಒಂದು ಕಂಪನಿಯವರು ಹೊಳೆಯುದ್ದಕ್ಕೂ ನೀರಿನ ಮಟ್ಟ ಅಳೆಯುವ ಯಂತ್ರಗಳನ್ನು ನೆಟ್ಟರು. ಅವೆಲ್ಲದರ ಸುದ್ದಿ ಬಂದು ಸೇರುವ ಒಂದು ಪೆಟ್ಟಿಗೆಯನ್ನು ಊರ ಸಮುದಾಯ ಭವನದ ಗೋಡೆಗೆ ಹಾಕಿದರು. ನೀರು ಏರಿದರೆ ನಮ್ಮೆಲ್ಲರ ಮೊಬೈಲುಗಳು ಕೂಗುತ್ತಿದ್ದವು. ಊರವರು ಅದನ್ನು ಡಬ್ಬಿ ಎಂದು ಕರೆದರು. ಅದು ಬೇಕೇ ಬೇಕೆಂದು ಮನೆಮನೆಗೆ ಹೋಗಿ ಒಪ್ಪಿಸಿದವಳು ಚಾಚಿಯೇ.

ಆ ದಿನ ಮುಂಜಾನೆ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶವೊಂದು ಬಂತು. ಚಾಚಿ ಅದನ್ನು ನನ್ನ ಹತ್ತಿರ ತಂದಳು.

"ಓದ್ ಬೇ, ಏನಂತದ ಇದು?"

"ಡಬ್ಬಿ ಒಳಗಿನ ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಾಕತ್ತಾರಂತ. ಮುಗಿಯೋತನಕ ಅದಕ್ಕ ನೆಟ್‌ವರ್ಕ್ ಇರಂಗಿಲ್ರಿ, ನೀರಿನ ಸುದ್ದಿ ಬರಂಗಿಲ್ಲ."

"ಅಷ್ಟ್ರಾಗ ನೀರು ಬಂದ್ರ?"

ಇಬ್ಬರೂ ಭವನಕ್ಕೆ ಹೋಗಿ ನೋಡಿದೆವು. ಡಬ್ಬಿಯ ಹಸಿರು ದೀಪ ಆರಿ ಕೇಸರಿ ದೀಪ ಮಿಣುಕುತ್ತಿತ್ತು. ಕಂಪನಿಗೆ ಫೋನು ಹಚ್ಚಿದರೆ, ತಾನಾಗಿಯೇ ಸರಿಹೋಗುತ್ತದೆ ಎಂದರು. ಮಧ್ಯಾಹ್ನವಾದರೂ ಅದು ಮಿಣುಕುತ್ತಲೇ ಇತ್ತು. ನಮ್ಮಲ್ಲಿ ಹನಿ ಮಳೆಯಿಲ್ಲ. ಗಾಳಿ ನಿಂತಿತ್ತು. ಹೊಳೆ ಹರಿದು ಬರುವ ಪಡುವಣ ದಿಕ್ಕು ಮಾತ್ರ ಕಪ್ಪಗೆ ಹೆಪ್ಪುಗಟ್ಟಿತ್ತು.

ಚಾಚಿ ತನ್ನ ಮೊಬೈಲನ್ನು ನನ್ನ ಕೈಗಿತ್ತಳು. "ಇದನ್ನ ನೀ ನೋಡ್ಕೋತ ಕುಂಡ್ರು, ನಾ ಹೊಳಿ ನೋಡ್ತೇನಿ. ನಡೂ ಹೊಳಿ ಉಸುಕಿನ್ಯಾಗ ಊರೂರು ತಿರುಗೋ ಕುರಿಯವರು ಇಳಕೊಂಡಾರ. ಅವರಿಗ್ಯಾರು ಹೇಳ್ತಾರ?"

ಮುಂದಿನದು ದಂಡೆಯಲ್ಲಿದ್ದವರು ಹೇಳಿದ್ದು. ನೀರು ಸದ್ದಿಲ್ಲದೆ ಬಂತಂತೆ. ಮೊದಲು ಉಸುಕು ಕಪ್ಪಾಯಿತು, ಆಮೇಲೆ ನೊರೆ ಕಂಡಿತು. ಚಾಚಿ ಕೂಗಿದಳು. ಬಟ್ಟೆ ಒಗೆಯುತ್ತಿದ್ದವರು ಮೇಲೆ ಓಡಿದರು. ಕುರಿಯವರ ಗಂಡಸರು ಮಂದೆ ಹೊಡೆದುಕೊಂಡು ಆಚೆ ದಂಡೆಗೆ ಹೋಗಿದ್ದರು. ಉಸುಕಿನ ಮೇಲಿನ ಜೋಪಡಿಯಲ್ಲಿ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಒಬ್ಬ ಬಾಣಂತಿ ಮಲಗಿದ್ದಳು. ಕೂಗು ಅವಳಿಗೆ ಮುಟ್ಟಲಿಲ್ಲ. ಚಾಚಿ ಮೊಣಕಾಲುದ್ದದ ನೀರಿಗೆ ಇಳಿದು ಹೋಗಿ ಅವಳನ್ನು ಎಬ್ಬಿಸಿದಳು, ಕೂಸು ಎತ್ತಿಕೊಂಡವಳ ಬೆನ್ನಿಗೆ ಕೈಯಿಟ್ಟು ಮುಂದೆ ನೂಕುತ್ತ ಕರೆತಂದಳು. ಅಷ್ಟರಲ್ಲಿ ನೀರು ಎದೆಮಟ್ಟಕ್ಕೆ ಏರಿತ್ತು. ದಂಡೆಯವರು ಕೂಸನ್ನು ಎತ್ತಿಕೊಂಡರು, ಬಾಣಂತಿಯನ್ನು ಎಳೆದುಕೊಂಡರು. ಅವಳ ಹಿಂದೆಯೇ ಇದ್ದ ಚಾಚಿಗಾಗಿ ನೋಡಿದರೆ ಬರೀ ನೀರು...

ಗದ್ದಲ ಕೇಳಿ ನಾನು ದಂಡೆಯ ಕಡೆ ಓಡುತ್ತಿದ್ದೆ. ಅರ್ಧ ದಾರಿಯಲ್ಲಿ ಚಾಚಿಯ ಮೊಬೈಲು ನನ್ನ ಮುಷ್ಟಿಯಲ್ಲಿ ಕೂಗಿತು. ಅಪ್‌ಗ್ರೇಡ್ ಮುಗಿದಿದೆ, ಸಂಪರ್ಕ ಮರಳಿದೆ ಎಂದಿತ್ತು. ಅದರ ಬೆನ್ನಿಗೇ ಇನ್ನೊಂದು. ಹೊಳೆ ಏರುತ್ತಿದೆ, ದಂಡೆಯಿಂದ ದೂರವಿರಿ.

ನೀರಿಳಿದ ಮೇಲೆ ಚಾಚಿಯ ಹೆಣ ಹೊಳೆಯ ಕೆಳಗೆ ಸೊನ್ನದ ಊರ ಕಡೆ ಸಿಕ್ಕಿತು.

ಡಬ್ಬಿ ಈಗಲೂ ಇದೆ. ದೀಪ ಕೇಸರಿಯಾದ ದಿನ ಸರದಿಯ ಮೇಲೆ ಹೋಗಿ ದಂಡೆಯಲ್ಲಿ ಹೊಳೆ ನೋಡುತ್ತ ಕೂರುತ್ತೇವೆ. ಈ ವರ್ಷ ಕುರಿಯವರು ಮತ್ತೆ ಬಂದರು. ಉಸುಕಿಗೆ ಇಳಿಯಲಿಲ್ಲ, ಊರ ಮೇಲಿನ ಬಯಲಲ್ಲೇ ಉಳಿದರು. ಅಂದು ಬಾಣಂತಿಯಾಗಿದ್ದ ಆ ಹೆಂಗಸು ಮಗಳ ಕೈಹಿಡಿದು ನಡೆಸಿಕೊಂಡು ನಮ್ಮ ಪಡಸಾಲೆಗೆ ಬಂದು ಕುಳಿತಳು.

"ಅಕ್ಕಾ, ನಿದ್ದಿಗಣ್ಣಾಗ ಅಕಿ ಮಾರಿ ನಾ ನೋಡ್ಲೇ ಇಲ್ರಿ. ಬೆನ್ನಮ್ಯಾಲಿನ ಕೈ ಅಷ್ಟ ಗೊತ್ತು. ಹ್ಯಾಂಗಿದ್ಳರಿ ಅಕಿ?"

ಎತ್ತರ ಇದ್ದಳು ಎಂದೆ. ಅವಳು ನನ್ನ ಮುಖ ನೋಡುತ್ತ, ಇನ್ನೂ ಏನಾದರೂ ಹೇಳುವೆನೆಂದು ಕಾಯುತ್ತ ಕುಳಿತಳು.