ಪುಟದಮ್ಮನ ಬಾಯಾರಿಕೆ

ನರ್ಸಿಂಗ್ ಶಾಲೆಯಲ್ಲಿ ರೋಗಿಗಳ ಆರೈಕೆ ಕಲಿಸುತ್ತಿದ್ದ ಮೇಡಂಗೆ ಹುಡುಗಿಯರು ಇಟ್ಟ ಹೆಸರು ಪುಟದಮ್ಮ. ಯಾರು ಏನೇ ಕೇಳಲಿ, ‘ಯಾವ ಪುಟ?’ ಎಂದೇ ಮಾತು ಶುರು. ಮನೆಯಲ್ಲಿ ಹಾಲು ಉಕ್ಕಿದರೂ ಪುಟ ತಿರುವಿ ನೋಡಿದ ಮೇಲೇ ಒಲೆ ಆರಿಸುತ್ತಾಳೆ ಎಂದು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು.

ಅವಳ ತರಗತಿಯಲ್ಲಿ ಒಂದು ಕಬ್ಬಿಣದ ಮಂಚ, ಅದರ ಮೇಲೊಂದು ರಬ್ಬರ್ ಗೊಂಬೆ. ಹೊರಳಿಸುವುದು, ಒರೆಸುವುದು, ಉಣಿಸುವುದು ಎಲ್ಲ ಗೊಂಬೆಗೇ. ಗೊಂಬೆ ಒಂದು ದಿನವೂ ಹಾ ಎನ್ನಲಿಲ್ಲ, ಹೂ ಎನ್ನಲಿಲ್ಲ. ಆಸ್ಪತ್ರೆಯ ವಾರ್ಡಿಗೂ ಹೋಗುತ್ತಿದ್ದಳು, ಆದರೆ ಮಂಚದ ಕಾಲ ಬಳಿ ನಿಂತು ತಪ್ಪು ಹಿಡಿಯುವುದಕ್ಕೆ. ಅವಳು ಕಲಿಸಿದ್ದರಲ್ಲಿ ಸುಳ್ಳಿರಲಿಲ್ಲ, ಅದನ್ನು ಒಪ್ಪಲೇಬೇಕು.

ಒಮ್ಮೆ ವಾರ್ಡಿನಲ್ಲಿ ಲಕ್ವ ಹೊಡೆದ ಮುದುಕನೊಬ್ಬ ನೀರು ನೀರು ಎಂದು ಗೋಗರೆಯುತ್ತಿದ್ದ. ನುಂಗುವ ಶಕ್ತಿ ಹೋದವರಿಗೆ ತಿಳಿನೀರು ಕೊಟ್ಟರೆ ಅದು ಹೊಟ್ಟೆಯ ದಾರಿ ಬಿಟ್ಟು ಶ್ವಾಸಕೋಶಕ್ಕೆ ಇಳಿಯಬಹುದು. ಪುಡಿ ಬೆರೆಸಿ ಗಟ್ಟಿ ಮಾಡಿದ ನೀರನ್ನೇ ಚಮಚದಲ್ಲಿ ಕೊಡಬೇಕು. ಇದು ಪುಸ್ತಕದ ಮಾತು. ಒಬ್ಬ ಹುಡುಗಿಗೆ ಕರುಳು ಚುರ್ರೆಂದಿತು. ಎರಡು ಗುಟುಕು ತಿಳಿನೀರು ಕುಡಿಸಿಬಿಟ್ಟಳು. ಮುದುಕ ಕೆಮ್ಮಿದ, ಸುಧಾರಿಸಿಕೊಂಡ, ಕಣ್ಣಲ್ಲೇ ನಕ್ಕ. ಪುಟದಮ್ಮ ನೋಡಿದಳು.

ಮರುದಿನ ತರಗತಿಯಲ್ಲಿ ಆ ಹುಡುಗಿಯ ಕೈಗೆ ಚೊಂಬು ಕೊಟ್ಟು ಗೊಂಬೆಯ ಬಾಯಿಗೆ ನೀರು ಹೊಯ್ಯಿಸಿದಳು. ನೀರು ಹಾಸಿಗೆ ನೆನೆಸಿ ನೆಲಕ್ಕೆ ಹರಿಯಿತು.

"ಹೊಯ್ಯಿ, ಹೊಯ್ಯಿ. ಎಲ್ಲರೂ ನೋಡ್ಕೊಳ್ರೇ, ಕೊಲೆ ಮಾಡೋದು ಹೀಗೆ."

"ಮೇಡಂ, ಆ ಅಜ್ಜನ ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು..."

"ಬಿಡಲಿ. ನಾಲಿಗೆ ಒಣಗಿ ಯಾರೂ ಸತ್ತಿಲ್ಲಮ್ಮ. ನೀರು ಕೊಡು ಅಂತ ಯಾವ ಪುಟದಲ್ಲಿದೆ, ಅದನ್ನ ಹೇಳು."

ಹುಡುಗಿ ಅಳುತ್ತಾ ನೆಲ ಒರೆಸಿದಳು. ಆ ವರ್ಷ ಫೇಲಾದಳು. ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ.

ಋಣ ಎನ್ನಬೇಕೋ ಗ್ರಹಚಾರ ಎನ್ನಬೇಕೋ, ಪುಟದಮ್ಮನ ಒಬ್ಬನೇ ಮಗ ಅದೇ ಹುಡುಗಿಯನ್ನು ಮೆಚ್ಚಿ ಕಟ್ಟಿಕೊಂಡ. ಸೊಸೆ ಹೊಸ್ತಿಲು ದಾಟಿದ ದಿನವೇ ಅತ್ತೆ ಅವಳಿಗೆ ಅರ್ಧ ನರ್ಸು ಎಂದು ಹೆಸರಿಟ್ಟಳು. ಮನೆಗೆ ಯಾರೇ ಬರಲಿ, "ಇರಿ, ನಮ್ಮ ಅರ್ಧ ನರ್ಸು ಟೀ ತರ್ತಾಳೆ. ಅದರಲ್ಲಾದ್ರೂ ಪಾಸಾಗಿದ್ದಾಳೆ!" ಮಗ ಪೇಪರಿನ ಹಿಂದೆ ಮುಖ ಇಟ್ಟುಕೊಂಡು ನಗುತ್ತಿದ್ದ. ಸೊಸೆ ನಗುತ್ತಿರಲಿಲ್ಲ, ಎದುರಾಡುತ್ತಲೂ ಇರಲಿಲ್ಲ.

ನಿವೃತ್ತಿಯ ಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ ಪುಟದಮ್ಮ ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ಲಕ್ವ. ಬಲಗಡೆ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ತಲೆ ಆಡುತ್ತಿತ್ತು, ಎಡಗೈ ಏಳುತ್ತಿತ್ತು, ಬುದ್ಧಿ ಚೂರೂ ಮಾಸಿರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಸೊಸೆಯ ಕೈಗೆ ಪುಡಿಯ ಡಬ್ಬಿ ಕೊಟ್ಟು, ತಿಳಿನೀರು ಒಂದು ಹನಿಯೂ ಕೂಡದು ಎಂದರು. ಮಗ ಆಗ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ.

ಸೊಸೆ ಒಂದೂ ಬಿಡದೆ ಮಾಡಿದಳು. ಹೊತ್ತುಹೊತ್ತಿಗೆ ಹೊರಳಿಸಿದಳು, ಒರೆಸಿದಳು, ಬೆನ್ನಿನಲ್ಲಿ ಒಂದು ಹುಣ್ಣೂ ಏಳಗೊಡಲಿಲ್ಲ. ಪುಡಿ ಬೆರೆಸಿದ ನೀರು ಗೋಡೆಗೆ ಕಾಗದ ಅಂಟಿಸುವ ಅಂಟಿನ ಹಾಗಿತ್ತು. ಅದನ್ನು ಚಮಚ ಚಮಚವಾಗಿ ನಾಲಿಗೆಯ ಮೇಲಿಟ್ಟಳು. ಅಂಟು ಗಂಟಲಿಗೆ ಇಳಿಯುತ್ತಿತ್ತು, ದಾಹ ಇದ್ದಲ್ಲೇ ಇರುತ್ತಿತ್ತು. ಬಚ್ಚಲ ನಲ್ಲಿ ತೊಟ್ಟಿಕ್ಕಿದರೆ ಪುಟದಮ್ಮನ ನಾಲಿಗೆ ತಾನಾಗಿ ಹೊರಗೆ ಬರುತ್ತಿತ್ತು. ಸೊಸೆ ಕಿಟಕಿ ಒರೆಸುವಾಗ ಆ ಕೊಳಕು ಒದ್ದೆ ಬಟ್ಟೆಯ ಮೇಲೇ ಕಣ್ಣು. ಅದನ್ನು ಹಿಂಡಿ ಬಾಯಿಗೆ ಬಿಟ್ಟರೂ ಸಾಕೆನ್ನಿಸುತ್ತಿತ್ತು.

ಎಡಗೈ ಚಾಚಿ ಹೂಜಿ ತೋರಿಸಿದಳು.

"ಬೇಡ ಅತ್ತೆ. ನೀವೇ ಕಲಿಸಿದ್ದಲ್ವಾ," ಎಂದಳು ಸೊಸೆ.

ದನಿಯಲ್ಲಿ ಸಿಟ್ಟಿರಲಿಲ್ಲ. ಪುಟದಮ್ಮನ ಮೈ ಉರಿದದ್ದು ಅದಕ್ಕೇ. ಸೊಸೆ ಹೇಳುವುದು ಸರಿ ಎಂದು ಅತ್ತೆಯಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ರಜೆಯ ದಿನ ಸೊಸೆ ಸಾಮಾನು ತರಲು ಹೋದಾಗ ಮಗ ಮಂಚದ ಬಳಿ ಬಂದು ಕುಳಿತ. ಅಮ್ಮನ ಕೈ ಹೂಜಿಯ ಕಡೆಗೆ ಎದ್ದಿತು.

"ನೀರಾ ಅಮ್ಮ? ಡಾಕ್ಟರು ಬೇಡ ಅಂದಿದ್ದಾರಾ?"

ಇಲ್ಲವೆಂದು ತಲೆಯಾಡಿಸಿದಳು.

"ಮತ್ತೆ ಈ ಅಂಟು? ಇವಳದೇ ಹಠವಾ?"

ಹೌದೆಂದು ತಲೆಯಾಡಿಸಿದಳು.

"ಹಳೇ ಸೇಡು ಹೀಗೆ ತೀರಿಸ್ಕೊಳ್ತಿದ್ದಾಳೆ ನೋಡು! ಬರಲಿ ಇವತ್ತು," ಎಂದು ಲೋಟ ತುಂಬಿಸಿ ಬಾಯಿಗಿಟ್ಟ.

ಮೊದಲ ಗುಟುಕು ನಾಲಿಗೆಯ ಮೇಲೆ ಹರಿದಾಗ ಅವಳ ಕಣ್ಣು ಮುಚ್ಚಿತು. ಎರಡನೆಯದನ್ನು ಸದ್ದು ಮಾಡಿ ಹೀರಿದಳು. ಮೂರನೆಯದು ದಾರಿ ತಪ್ಪಿತು. ಕೆಮ್ಮಲು ಬಲವಿಲ್ಲ, ಉಗುಳಲು ಬಲವಿಲ್ಲ. ಮುಖ ನೀಲಿಗಟ್ಟಿತು, ಎದೆಯಲ್ಲಿ ಗೊರಗೊರ ಸದ್ದು. ಎಡಗೈಯಲ್ಲಿ ಮಗನ ಅಂಗಿ ಹಿಡಿದು ಹರಿದೇಬಿಟ್ಟಳು. ನೀರಿನಲ್ಲಿ ಮುಳುಗುವವರಿಗೆ ದಡವಾದರೂ ಕಾಣುತ್ತದೆ. ಅವಳಿಗೆ ಕಂಡದ್ದು ಮಗನ ಹೆದರಿದ ಮುಖ ಮಾತ್ರ.

ಜ್ವರ ಏರಿತು. ಮತ್ತೆ ಆಸ್ಪತ್ರೆ, ಮಗ ಸೊಸೆ ಇಬ್ಬರೂ ಮಂಚದ ಪಕ್ಕ. ಶ್ವಾಸಕೋಶಕ್ಕೆ ನೀರು ಹೋಗಿದೆ, ಕೊಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಮಗ ತನ್ನ ಚಪ್ಪಲಿ ನೋಡಿಕೊಂಡ. ಡಾಕ್ಟರು ರೋಗಿಯ ಕಡೆಗೇ ಬಾಗಿ, "ಯಾರಮ್ಮಾ ಕೊಟ್ಟದ್ದು?" ಎಂದರು.

ಪುಟದಮ್ಮನ ಎಡಗೈ ಎದ್ದಿತು. ಬೆರಳು ಮಗನನ್ನು ದಾಟಿ ಸೊಸೆಯ ಮೇಲೆ ನಿಂತಿತು.

"ಒಂದು ಹನಿಯೂ ಕೂಡದು ಅಂತ ನಿಮ್ಮ ಕೈಗೇ ಡಬ್ಬಿ ಕೊಟ್ಟಿದ್ದೆನಲ್ರೀ! ಮನುಷ್ಯರೇನ್ರೀ ನೀವು?" ಎಂದು ವಾರ್ಡಿಗೆಲ್ಲ ಕೇಳುವಂತೆ ಡಾಕ್ಟರು ಬೈದರು. ಸೊಸೆ ಗಂಡನ ಮುಖ ನೋಡಿದಳು. ಅವನು ಚಪ್ಪಲಿಯಿಂದ ಕಣ್ಣೆತ್ತಲಿಲ್ಲ.

ಜೀವ ಗಟ್ಟಿ, ಪುಟದಮ್ಮ ಉಳಿದಳು. ಮನೆಗೆ ಬಂದ ಮರುದಿನ ಮಗ ಕೆಲಸಕ್ಕೆ ಹೊರಟ ಮೇಲೆ ಸೊಸೆ ಬಾಗಿಲ ಚಿಲಕ ಹಾಕಿದಳು. ಲೋಟದ ತುಂಬ ತಿಳಿನೀರು ತಂದು ಅತ್ತೆಯ ತುಟಿಗೆ ಹಿಡಿದಳು.

"ಕುಡೀರಿ ಅತ್ತೆ. ಕೊಲೆಗಾತಿ ಅಂತ ಹೆಸರಂತೂ ಬಂದಾಯ್ತು. ಇನ್ನು ಯಾಕೆ ನಿಮ್ಮನ್ನ ಒಣಗಿಸ್ಲಿ?"

ಪುಟದಮ್ಮನ ನಾಲಿಗೆ ಹಲ್ಲಿನ ಹಿಂದೆ ಒದ್ದಾಡಿತು. ಹಲ್ಲು ಮಾತ್ರ ಬಿಗಿದುಕೊಂಡಿತು. ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿದಳು, ಎಡಗೈಯಿಂದ ಲೋಟ ನೂಕಿದಳು. ಗಂಟಲಿನಿಂದ ಪ್ರಾಣಿಯ ಸದ್ದು ಬಂತು.

"ಬೇಡ್ವಾ? ಯೋಚ್ನೆ ಮಾಡಿ. ಯಾರಾದ್ರೂ ಕೇಳಿದ್ರೆ ನನ್ನನ್ನೇ ತೋರ್ಸಿ."

ಸೊಸೆ ಕಾದಳು, ಅವಸರ ಮಾಡಲಿಲ್ಲ. ಆಮೇಲೆ ಅತ್ತೆಯ ಮುಖದ ಎದುರಿಗೇ ಲೋಟ ಎತ್ತಿ ಗಟಗಟನೆ ಅಷ್ಟನ್ನೂ ತಾನೇ ಕುಡಿದಳು. ಅಂಗೈಯಿಂದ ಬಾಯಿ ಒರೆಸಿಕೊಂಡು, ಅದೇ ಲೋಟದಲ್ಲಿ ಪುಡಿ ಕಲಸಿ ಚಮಚ ಹಿಡಿದಳು.

"ಬಾಯಿ ತೆಗೀರಿ."

ಪುಟದಮ್ಮ ತೆಗೆದಳು.