ಹಾಡಿಲ್ಲದ ಬಾಯಿ

ಕಾಜಾ ಅಕ್ಕನಿಗೆ ಸಿಟ್ಟು ಬಂದಿದೆ ಅಂದರೆ ಬೀದಿಯಲ್ಲಿ ಯಾರೂ ನಂಬಲಿಲ್ಲ. ಅವಳು ಸಿಟ್ಟಿನ ಹೆಂಗಸಲ್ಲ. ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಓರೆಯಾಗಿ ಕೂತು, ಅರ್ಧ ಆಯುಷ್ಯ ಕೋಟುಗಳಿಗೆ ಕಾಜಾ ಹೊಲಿದವಳು. ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಸುತ್ತುವ ಕೆಲಸ ಮುಂಗೋಪದವರ ಕೈಗೆ ಹತ್ತುವುದಿಲ್ಲ. ಸೀಳು ಎಳ್ಳಷ್ಟು ಹೆಚ್ಚಾದರೆ ಗುಂಡಿ ಜಾರುತ್ತದೆ, ಎಳ್ಳಷ್ಟು ಕಮ್ಮಿಯಾದರೆ ತೂರುವುದೇ ಇಲ್ಲ. ಗಂಡ ಹೋದ ಮೇಲೆ ಹೊಟ್ಟೆಪಾಡಿಗೆ ಹಿಡಿದ ಸೂಜಿ ಅದು. ಕಾಜಾ ಹಾಕುವ ಮಿಷನ್ ಬಂದಾಗಲೂ ಅವಳು ಬೈಯಲಿಲ್ಲ. "ಅದು ಅಂಗಿಗೆ ಹಾಕಲಿ, ಕೋಟು ನನಗಿರಲಿ" ಅಂದಳು, ಅಷ್ಟೇ. ಮಾಲೀಕ ಕೂಲಿ ತಡ ಮಾಡಿದರೂ, ಗಿರಾಕಿ ಕೊಂಕು ತೆಗೆದರೂ ಸೂಜಿ ನಿಲ್ಲಿಸಿದವಳಲ್ಲ.

ಅಂಥವಳು ಟೀವಿಗೆ ಸಿಕ್ಕಿಸಿ ಆಡುವ ಒಂದು ಆಟದ ಪೆಟ್ಟಿಗೆಯ ಮುಂದೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಮೂರು ಮನೆಗೆ ಕೇಳುವ ಹಾಗೆ ಜಗಳಕ್ಕೆ ನಿಂತಳು ಅಂದರೆ ಅದಕ್ಕೆ ಕಾರಣ ಇತ್ತು. ಕಾರಣ ಅವಳ ತಂಗಿ.

ತಂಗಿ ಚಪ್ಪಲಿ ಅಂಗಡಿಯಲ್ಲಿ ಮಾರುವ ಕೆಲಸದಲ್ಲಿದ್ದವಳು. ಬೂಟಿನ ದಾರ ಕೇಳಿಕೊಂಡು ಬಂದವನಿಗೆ ಬೂಟನ್ನೇ ಕಟ್ಟಿ ಕಳಿಸುವಂಥ ಬಾಯಿ ಅವಳದು. ಅಕ್ಕ ಒಂದು ಮಾತಾಡುವುದರೊಳಗೆ ಇವಳು ಹತ್ತು ಆಡಿ, ಹನ್ನೊಂದನೆಯದಕ್ಕೆ ತಾನೇ ನಗುತ್ತಿದ್ದಳು. ಒಂದು ಬೆಳಗ್ಗೆ ಅಂಗಡಿಯ ಷಟರ್ ಎತ್ತಲು ಬಗ್ಗಿದವಳು ಹಾಗೇ ಕುಸಿದಳು. ಲಕ್ವ. ಬಲಗೈ ಬಿತ್ತು, ಬಲಗಾಲು ಎಳೆಯಿತು, ಮಾತು ಪೂರ್ತಿ ಹೋಯಿತು. ಬುದ್ಧಿ ನೆಟ್ಟಗಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದರೆ ಮಾತ್ರ ಬರುತ್ತಿದ್ದದ್ದು ಒಂದೇ ಶಬ್ದ: "ಆಮೇಲೆ."

"ನೀರು ಬೇಕೇನೇ?" ಅಂದರೆ "ಆಮೇಲೆ." ಸರಿ, ಆಮೇಲೆ ಕುಡಿಯಲಿ ಅಂತ ಅಕ್ಕ ಲೋಟ ಒಳಗಿಟ್ಟಳು. ತಂಗಿಯ ಕಣ್ಣಲ್ಲಿ ದಳದಳ ನೀರು. ಬೇಕು ಅನ್ನುವುದಕ್ಕೂ ಬೇಡ ಅನ್ನುವುದಕ್ಕೂ, ಬಚ್ಚಲಿಗೆ ಕರೆದುಕೊಂಡು ಹೋಗು ಅನ್ನುವುದಕ್ಕೂ ಅವಳಿಗೆ ಉಳಿದದ್ದು ಆ ಒಂದೇ ಮಾತು ಅಂತ ತಿಳಿಯುವ ಹೊತ್ತಿಗೆ ಬಡಪಾಯಿ ಎಷ್ಟು ಸಲ ಬಾಯಾರಿಕೊಂಡಿದ್ದಳೋ. ಅಕ್ಕ ಅಂಗಡಿಗೆ ಹೇಳಿ ಕೋಟುಗಳನ್ನು ಮನೆಗೇ ತರಿಸಿಕೊಂಡು, ಅವಳ ಮಂಚದ ಪಕ್ಕ ಹೊಲಿಯತೊಡಗಿದಳು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು. ಅವರು ಹೇಳಿದರು: "ಮಾತಾಡೋಕೆ ಬರದೇ ಇರೋರಿಗೂ ಎಷ್ಟೋ ಸಲ ಹಾಡೋಕೆ ಬರುತ್ತೆ. ಇವರಿಗೆ ಬಾಯಿಪಾಠ ಇರೋ ಹಾಡು ಯಾವುದಾದ್ರೂ ಇದೆಯಾ? ಬರೀ ಕೇಳಿಸಿದ್ರೆ ಸಾಲದು. ಹಾಡೋರ ಬಾಯಿ ನೋಡ್ತಾ ಹಾಡಬೇಕು. ಈ ಕೆಲವು ತಿಂಗಳು ಬಿಟ್ರೆ ಆಮೇಲೆ ಕಷ್ಟ, ದಾರಿ ಮುಚ್ಚಿಹೋಗುತ್ತೆ."

ಇತ್ತು, ಹಾಡು ಇತ್ತು. ಮದುವೆಗೆ ಮುಂಚೆ ತಂಗಿ ಪಾತ್ರೆ ತೊಳೆಯುವಾಗೆಲ್ಲ ಅದೇ. ಹಳೇ ಕಪ್ಪುಬಿಳುಪು ಸಿನಿಮಾದ್ದು. ಬಸ್ಸಿನಲ್ಲಿ ಕೂತ ಗೆಳತಿಯನ್ನು ನಾಯಕಿ ಕೇಳುತ್ತಾಳೆ: "ಸರಿದು ಕೂರೇ ಗೆಳತಿ, ನನಗೂ ಜಾಗ ಕೊಡೇ." ನಾಯಕಿಯ ಮುಖ ತೆರೆಯ ತುಂಬ, ತುಟಿ ಒಂದೊಂದು ಅಕ್ಷರಕ್ಕೂ ಬಿಡಿಬಿಡಿಯಾಗಿ ಅರಳುತ್ತದೆ. ಫೋನಿನಲ್ಲಿ ಹುಡುಕಿದರು, ಸಿಗಲಿಲ್ಲ. ಯಾರೋ ಹಾಕಿದ್ದ ತುಣುಕನ್ನೂ ತೆಗೆಸಿಬಿಟ್ಟಿದ್ದರು. ಕೊನೆಗೆ ಸಿಕ್ಕಿದ್ದು ತಂಗಿಯ ಮಗಳ ಆಟದ ಪೆಟ್ಟಿಗೆಯಲ್ಲಿ.

ಈ ಮಗಳು ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ಕೆಲಸದವಳು. ದಿನವಿಡೀ ಹಲ್ಲುನೋವಿನವರ ಮುಖ ನೋಡಿ ಬಂದು, ಸಂಜೆ ಟೀವಿಗೆ ಪೆಟ್ಟಿಗೆ ಸಿಕ್ಕಿಸಿ, ಕಿವಿಗೆ ಹೆಡ್‌ಸೆಟ್ ಏರಿಸಿ ತೆರೆಯ ಮೇಲೆ ಕಾರು ಓಡಿಸುತ್ತಾಳೆ. ಅದೂ ಒಬ್ಬಳೇ ಅಲ್ಲ, ಯಾವ್ಯಾವುದೋ ಊರಿನವರ ಜೊತೆ ಪಂದ್ಯ. ಆ ಪೆಟ್ಟಿಗೆಯ ಆನ್‌ಲೈನ್ ಸೇವೆಯಲ್ಲಿ ಆಟದ ಜೊತೆಗೆ ಹಳೇ ಸಿನಿಮಾಗಳೂ ಇದ್ದವು. ಈ ಸಿನಿಮಾದ ಹಕ್ಕು ಅವರೊಬ್ಬರಿಗೇ ಅಂತೆ.

ಪೆಟ್ಟಿಗೆ ಬಂದ ಹೊಸದರಲ್ಲಿ ಅಕ್ಕ ಮೂಗು ಮುರಿದಿದ್ದಳು. ಈಗ ದಿನಾ ಮಧ್ಯಾಹ್ನ ಅದರ ಧೂಳನ್ನು ಸೆರಗಿನಲ್ಲಿ ಒರೆಸುವವಳು ಅವಳೇ. ಗುಂಡಿ ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಕಲಿತಳು. ನಾಯಕಿಯ ಬಾಯಿ ಅರಳುತ್ತಿತ್ತು. ತಂಗಿ ಅದನ್ನೇ ನೋಡುತ್ತ, ಮೊದಲು ಗುನುಗಿದಳು, ಆಮೇಲೆ "ಕೊಡೇ" ಅಂದಳು. ಸ್ಪಷ್ಟವಾಗಿ, ರಾಗದಲ್ಲಿ! ಅಕ್ಕನ ಕೈಯ ಸೂಜಿ ಜಾರಿ ಎಲ್ಲೋ ಬಿತ್ತು, ಇವತ್ತಿಗೂ ಸಿಕ್ಕಿಲ್ಲ. ಮೇಡಂ ಹೇಳಿದ ಹಾಗೆ ಅದೇ ರಾಗಕ್ಕೆ ಬೇರೆ ಮಾತು ತೊಡಿಸಿದರು. "ಎದ್ದು ಬಾರೇ ಅಕ್ಕ, ನನಗೆ ನೀರು ಕೊಡೇ." ತಂಗಿ ಹಾಡಿಕೊಂಡು ನೀರು ಕೇಳಿದಳು. ಹಾಡಿಕೊಂಡು ಕಂಬಳಿ ಕೇಳಿದಳು. ಒಂದು ದಿನ ಹಾಡಿಕೊಂಡೇ ಮಗಳಿಗೆ "ಸುಮ್ಮನಿರೇ" ಅಂತ ಬೈದಳು. ಬೈಸಿಕೊಂಡ ಮಗಳು ಕುಣಿದಳು.

ಅಷ್ಟರಲ್ಲಿ ಅಪ್‌ಡೇಟ್ ಬಂತು.

ತೆರೆಯ ಮೇಲೆ ಬಣ್ಣಬಣ್ಣದ ಅಕ್ಷರ. ಮಗಳು ಓದಿ ಹೇಳಿದಳು: "ದೊಡ್ಡಮ್ಮಾ, ಇನ್ಮೇಲೆ ಆಟ, ಸಿನಿಮಾ, ಸಂಗೀತ ಎಲ್ಲಾ ಒಂದೇ ಮನೇಲಂತೆ! ಎಲ್ಲಾ ಸೇರಿಸಿಬಿಟ್ಟಿದ್ದಾರೆ."

"ಸೇರಿದ್ರೆ ಒಳ್ಳೇದೇ ಕಣೇ. ಸೇರಿ ಬಾಳೋದು ಒಳ್ಳೇದು" ಅಂದಳು ಅಕ್ಕ.

ಮಾರನೇ ಮಧ್ಯಾಹ್ನ ಸಿನಿಮಾ ಹಾಕಿದಳು. ಬಸ್ಸು ಬಂತು, ಗೆಳತಿ ಬಂದಳು, ನಾಯಕಿಯ ಮುಖ ತೆರೆ ತುಂಬಿತು, ತುಟಿ ಅರಳಿತು. ಸದ್ದಿಲ್ಲ. ಟೀವಿ ಕೆಟ್ಟಿತೇನೋ ಅಂತ ಬೆನ್ನಿಗೆ ತಟ್ಟಿದಳು. ಹಾಡು ಮುಗಿದ ಕೂಡಲೇ ಕಂಡಕ್ಟರ್ "ಟಿಕೆಟ್, ಟಿಕೆಟ್" ಅಂತ ಗಟ್ಟಿಯಾಗಿ ಕೂಗಿದ. ಮಾತೆಲ್ಲ ಇದೆ, ಹಾಡು ಮಾತ್ರ ಇಲ್ಲ. ಕೆಳಗೆ ಇರುವೆ ಸಾಲಿನ ಹಾಗೆ ಒಂದು ಬರಹ ಹಾದುಹೋಯಿತು. ಅಕ್ಕ ಅಕ್ಷರ ಕೂಡಿಸಿ ಓದುವುದರೊಳಗೆ ಮಾಯ. ಸಂಜೆ ಮಗಳು ಬಂದು ಓದಿದಳು: "ಈ ಹಾಡು ಈಗ ಸಂಗೀತ ವಿಭಾಗದಲ್ಲಿ ಲಭ್ಯ."

"ಅಂದ್ರೆ?"

"ಅಂದ್ರೆ... ಸಿನಿಮಾ ಸಿನಿಮಾದ ಕಡೆ, ಹಾಡು ಹಾಡಿನ ಕಡೆ."

"ಸೇರಿಸಿದೀವಿ ಅಂದ್ರಲ್ಲೇ?"

"ಸೇರಿಸಿದ್ದಾರೆ. ಬೇರೆ ಬೇರೆಯಾಗಿ ಸೇರಿಸಿದ್ದಾರೆ."

ಅಕ್ಕ ಕೋಟನ್ನು ತೊಡೆಯಿಂದ ಕೆಳಗಿಟ್ಟಳು. "ಅಂಗಿ ಒಂದು ಅಂಗಡೀಲಿ, ತೋಳು ಇನ್ನೊಂದು ಅಂಗಡೀಲಿ ಮಾರೋರನ್ನ ನಾನು ಕಂಡಿಲ್ಲಮ್ಮ!"

ಸಂಗೀತ ವಿಭಾಗದಲ್ಲಿ ಹುಡುಕಿದರು. ಹಾಡು ಇತ್ತು. ಆದರೆ ಅದನ್ನು ಯಾವನೋ ಗಂಡಸು ಹಾಡಿದ್ದ, ಧಡಧಡ ಡ್ರಮ್ಮು ಬಡಿಸಿ, "ಸರಿ ಸರಿ ಸರಿ ಸರಿ" ಅಂತ ತೊದಲಿಸಿ. ಹಳೆಯದನ್ನೂ ಕೆದಕಿ ತೆಗೆದಳು ಮಗಳು. ಅದನ್ನು ಹಾಕಿದರೆ ಸಿನಿಮಾ ನಿಲ್ಲುತ್ತದೆ, ಸಿನಿಮಾ ಹಾಕಿದರೆ ಅದು ನಿಲ್ಲುತ್ತದೆ. ಫೋನಿನಲ್ಲಿ ಹಾಡು, ಟೀವಿಯಲ್ಲಿ ಬಾಯಿ ಅಂತ ಹೊಂದಿಸಲು ಹೋದರೆ ಫೋನು ಹೇಳಿತು, ಒಂದು ಹೊತ್ತಿಗೆ ಒಂದೇ ಕಡೆ. ತಮಾಷೆ ಏನೆಂದರೆ, ಕಾರಿನ ಆಟ ಆಡುವಾಗ ಅದೇ ಹಾಡು ಹಿಂದೆ ಆರಾಮಾಗಿ ಬರುತ್ತಿತ್ತು. ಕಾರು ಓಡಿಸುವವನಿಗೆ ಹಾಡು ಉಂಟು, ಆ ಹಾಡು ಹುಟ್ಟಿದ ಸಿನಿಮಾಕ್ಕೆ ಮಾತ್ರ ಇಲ್ಲ!

ತಂಗಿ ತೆರೆಯ ಮೇಲಿನ ಮೂಕ ಬಾಯಿಯನ್ನು ನೋಡಿದಳು. ತನ್ನ ಬಾಯಿ ತೆರೆದಳು. ತುಟಿ ಅತ್ತಿತ್ತ ತಡವರಿಸಿತು.

"ಆಮೇಲೆ" ಅಂದಳು.

ಕಾಜಾ ಅಕ್ಕನಿಗೆ ಸಿಟ್ಟು ಬಂದದ್ದು ಆಗ. ಉಕ್ಕುವ ಹಾಲಿನ ಹಾಗೆ ಬಂದು ಇಳಿಯುವ ಸಿಟ್ಟಲ್ಲ, ಬೂದಿಯೊಳಗಿನ ಕೆಂಡದಂಥದ್ದು. ಮಗಳು ಕಂಪನಿಗೆ ದೂರು ಬರೆದಳು. ಬರೆದು ಮುಗಿಸುವ ಮುಂಚೆಯೇ ಉತ್ತರ ಬಂದಿತ್ತು: ನಿಮ್ಮ ಮನರಂಜನೆ ಇನ್ನಷ್ಟು ಸಮೃದ್ಧವಾಗಿದೆ, ನಮ್ಮೊಂದಿಗಿರುವುದಕ್ಕೆ ಧನ್ಯವಾದ. "ಇದನ್ನ ಮನುಷ್ಯರು ಬರೆದಿಲ್ಲ ದೊಡ್ಡಮ್ಮ, ಮಿಷನ್ನು" ಅಂದಳು.

"ಕಾಜಾ ಮಿಷನ್ನಿಗೂ ಹಿಂದೆ ಒಬ್ಬ ನಿಂತಿರ್ತಾನೆ. ಇದರ ಹಿಂದೆ ಯಾರೂ ಇಲ್ವಾ?"

ಯಾರೋ ಇದ್ದೇ ಇರುತ್ತಾರೆ, ಹುಡುಗಿ ಕಿವಿಗೆ ಹಾಕಿಕೊಂಡು ದಿನಾ ಮಾತಾಡುವುದು ಮತ್ತೆ ಯಾರ ಹತ್ತಿರ ಅಂತ ಅಕ್ಕ ಲೆಕ್ಕ ಹಾಕಿದಳು. ಒಂದು ಸಂಜೆ ಪಂದ್ಯದ ನಟ್ಟನಡುವೆ ಮಗಳು ಅಮ್ಮನ ದಿಂಬು ಸರಿಮಾಡಲು ಎದ್ದಳು. ಅಕ್ಕ ಹೆಡ್‌ಸೆಟ್ ಎತ್ತಿ ಕಿವಿಗೇರಿಸಿದಳು.

"ಹಲೋ. ಯಜಮಾನರು ಯಾರಪ್ಪಾ ಅಲ್ಲಿ?"

"ಏಯ್, ಯಾರಿದು? ಕಾರ್ ಯಾಕೆ ನಿಲ್ಲಿಸಿದ್ರಿ? ಹಿಂದೆ ನಾನಿದ್ದೀನಿ!" ಅಂತ ಒಬ್ಬ ಹುಡುಗನ ದನಿ.

"ಹಿಂದಾದ್ರೂ ಇರು, ಮುಂದಾದ್ರೂ ಇರು. ನನ್ನ ತಂಗಿ ಹಾಡು ಏನು ಮಾಡಿದ್ರಿ?"

"ಅಜ್ಜೀ, ನಾವು ಆಟ ಆಡೋರು. ಕಂಪನಿಯವರಲ್ಲ" ಅಂತ ಇನ್ನೊಬ್ಬ. ಹಿಂದಿನಿಂದ ಕಿಸಕ್ಕನೆ ನಗು.

"ನಗಬೇಡ. ಬಾಯಿ ಬಿದ್ದುಹೋದವಳು ಹಾಡಿಕೊಂಡು ನೀರು ಕೇಳ್ತಿದ್ಲು. ಆ ಹಾಡನ್ನ ಸಿನಿಮಾದಿಂದ ಕಿತ್ಕೊಂಡಿದ್ದಾರೆ. ಕಿತ್ತು, ಸೇರಿಸಿದೀವಿ ಅಂತ ಬೋರ್ಡು ಹಾಕಿದ್ದಾರೆ. ನಿಮ್ಮನೆ ಅಜ್ಜಿಗೆ ಹೀಗಾದ್ರೆ ನಗ್ತೀಯಾ?"

ನಗು ನಿಂತಿತು. ಆಮೇಲೆ ಮೊದಲಿನ ಹುಡುಗ ಮೆಲ್ಲಗೆ ಅಂದ: "ಅಜ್ಜೀ, ನಾನು ಸೇರಿಸಿಟ್ಕೊಂಡಿದ್ದ ಹಾಡುಗಳೂ ಅರ್ಧ ಹೋದ್ವು. ಯಾರನ್ನ ಕೇಳಬೇಕು ಅಂತ ನನಗೂ ಗೊತ್ತಿಲ್ಲ."

"ಗೊತ್ತಿಲ್ಲದೇನೇ ಕಾಸು ಕೊಟ್ಕೊಂಡು ಕಾರು ಓಡಿಸ್ತಾ ಇದೀಯಾ? ಶಾಭಾಷ್!"

ಅಷ್ಟರಲ್ಲಿ ಮಗಳು ಓಡಿಬಂದು ಹೆಡ್‌ಸೆಟ್ ಕಿತ್ತುಕೊಂಡಳು. "ದೊಡ್ಡಮ್ಮಾ! ಮಾನ ಹೋಯ್ತು!"

"ಹೋದ್ರೆ ಹೋಗ್ಲಿ. ಒಂದೇ ಮನೆ ಅಂತಾರೆ, ಬಾಗಿಲು ತಟ್ಟಿದ್ರೆ ಬಾಡಿಗೆಯವರು ಬರ್ತಾರೆ. ಯಜಮಾನ ಎಲ್ಲಿ ಕೂತಿದಾನೋ ಯಾರಿಗೂ ಗೊತ್ತಿಲ್ಲ. ಇದೆಂಥ ಮನೇನೇ?"

ಮೇಡಂ ಬೇರೆ ಹಾಡು ಹುಡುಕೋಣ ಅಂದರು. ಹುಡುಕಿದರು. ತಂಗಿ ಯಾವುದಕ್ಕೂ ತುಟಿ ಕೂಡಿಸಲಿಲ್ಲ. ಒಂದೊಂದು ದಿನ ಕಳೆದಂತೆ "ಕೊಡೇ" ಸವೆಯಿತು, "ಕಂಬಳಿ" ಹೋಯಿತು. ಬಂದ ಮಾತುಗಳು ಬಂದ ದಾರಿಯಲ್ಲೇ ಹಿಂದಿರುಗುವುದನ್ನು ಅಕ್ಕ ಮಂಚದ ಪಕ್ಕ ಕೂತು ನೋಡಿದಳು.

ಆವತ್ತು ಮಧ್ಯಾಹ್ನ ಅವಳಿಗೆ ತಡೆಯದಾಯಿತು. ಮೂಕ ಸಿನಿಮಾ ಹಾಕಿದಳು. ಸ್ಟೂಲು ಎಳೆದು ಟೀವಿಗೆ ಅಡ್ಡವಾಗಿ, ತಂಗಿಯ ಮುಖಕ್ಕೆ ಮುಖ ಕೊಟ್ಟು ಕೂತಳು. ಅವಳ ರಾಗವೋ, ದೇವರಿಗೇ ಪ್ರೀತಿ. ಶ್ರುತಿ ಅವಳ ಹತ್ತಿರ ಯಾವತ್ತೂ ಸುಳಿದದ್ದಲ್ಲ. ಆದರೂ ಬಾಯಿ ಅಗಲಿಸಿ, ತುಟಿ ಬಿಡಿಬಿಡಿಯಾಗಿ ತೆರೆದು, ನಾಚಿಕೆ ಬಿಟ್ಟು ಶುರುಮಾಡಿದಳು:

"ಸರಿದು ಕೂರೇ ಗೆಳತೀ..."

ತಂಗಿ ಹುಬ್ಬು ಗಂಟಿಕ್ಕಿದಳು.

"ನನಗೂ ಜಾಗ ಕೊಡೇ..."

ರಾಗ ಎಲ್ಲೋ ಹತ್ತಿ ಎಲ್ಲೋ ಬಿತ್ತು. ತಂಗಿಯ ಮುಖ ಕೆಂಪಾಯಿತು. ಎಡಗೈಯಿಂದ ಮಂಚದ ಪಟ್ಟಿಗೆ ಪಟಪಟ ಬಡಿದಳು. ಚಿಕ್ಕಂದಿನಲ್ಲಿ ಅಕ್ಕ ಕೆಲಸ ಕೆಡಿಸಿದರೆ ಇದೇ ಮುಖ ಮಾಡುತ್ತಿದ್ದಳು.

"ಅಲ್ಲ!" ಅಂದಳು.

ರಾಗದಲ್ಲಲ್ಲ. ಹಾಡಿನಲ್ಲಿ ಆ ಮಾತೇ ಇಲ್ಲ. ಬರೀ ಬಾಯಿಯಿಂದ, ಬರೀ ಸಿಟ್ಟಿನಿಂದ ಬಂದ ಮಾತು.

ಅಕ್ಕ ಏನೂ ಆಗದವಳ ಹಾಗೆ ಇನ್ನೊಮ್ಮೆ ಹಾಡಿದಳು, ಇನ್ನೂ ಕೆಟ್ಟದಾಗಿ. ಅವಳಿಗೆ ಅದೇನೂ ಕಷ್ಟವಾಗಲಿಲ್ಲ.

"ಅಲ್ಲ, ಅಲ್ಲ! ಹಾ... ಹಾಗಲ್ಲ!"

ಸಂಜೆ ಮಗಳು ಬಂದು, ಅಮ್ಮನ ಬಾಯಲ್ಲಿ ಆ ಮಾತು ಕೇಳಿ, ಅತ್ತು, ಮೂಗು ಒರೆಸಿಕೊಂಡಳು. ಆಮೇಲೆ ನಗುತ್ತ ಅಂದಳು: "ನೋಡು ದೊಡ್ಡಮ್ಮ, ಒಂದು ಲೆಕ್ಕಕ್ಕೆ ಅವರು ಹಾಡು ತೆಗೆದದ್ದೇ ಒಳ್ಳೇದಾಯ್ತು."

ಅಕ್ಕ ಸರ್ರನೆ ತಿರುಗಿದಳು. "ಏನಂದೆ? ಬಲಗೈ ಮುರಿಸಿಕೊಂಡವನು ಎಡಗೈಲಿ ಉಣ್ಣೋದು ಕಲಿತ ಅಂತ, ಮುರಿದವನಿಗೆ ಬಹುಮಾನ ಕೊಡ್ತಾರೇನೇ? ಅವಳ ನೀರು ಹೋಯ್ತು, ಕಂಬಳಿ ಹೋಯ್ತು. ಮತ್ತೆ ಮೊದಲಿಂದ ಕೂಡಿಸಬೇಕು. ನನ್ನ ಈ ದರಿದ್ರ ಗಂಟಲಲ್ಲಿ ಎಷ್ಟು ದೂರ ಎಳೀಲಿ? ಹೇಳು!"

ಮಂಚದ ಮೇಲಿಂದ ತಂಗಿ ಗಟ್ಟಿಯಾಗಿ "ಅಲ್ಲ" ಅಂದಳು. ಯಾರ ಪರವಾಗಿ ಅಂದಳೋ, ಅಕ್ಕನಂತೂ ತನ್ನ ಪರವಾಗಿಯೇ ಅಂತ ತಗೊಂಡಳು.

"ಫೋನು ತೆಗಿ. ಮತ್ತೆ ದೂರು ಬರಿ. ನಾನು ಹೇಳ್ತೀನಿ, ಹೇಳಿದ ಹಾಗೇ ಬರಿ, ಚಂದ ಮಾಡೋಕೆ ಹೋಗಬೇಡ."

"ಮಿಷನ್ನೇ ಓದೋದು ದೊಡ್ಡಮ್ಮ."

"ಓದಲಿ. ದಿನಾ ಓದಲಿ. ನೀವು ಸಿನಿಮಾ ಕೊಡ್ತೀವಿ ಅಂದ್ರಿ, ಬಾಯಿ ಕೊಟ್ರಿ, ದನಿ ಕೊಡಲಿಲ್ಲ. ಬರೆದ್ಯಾ? ಹಾಡು ಕೊಡ್ತೀವಿ ಅಂದ್ರಿ, ದನಿ ಕೊಟ್ರಿ, ಬಾಯಿ ಕಿತ್ಕೊಂಡ್ರಿ. ಎರಡೂ ಒಟ್ಟಿಗೆ ಇದ್ದದ್ದನ್ನ ಬಿಡಿಸಿದೋರು ನೀವು. ಅದಕ್ಕೆ ಸೇರಿಸೋದು ಅಂತ ಹೆಸರಿಡಬೇಡಿ. ನಮ್ಮ ಹಾಡನ್ನ ಇದ್ದ ಜಾಗಕ್ಕೆ ಹಾಕಿ. ನಾಳೆ ಮಧ್ಯಾಹ್ನ ನೋಡ್ತೀನಿ, ಇಲ್ಲದಿದ್ರೆ ನಾಳೇನೂ ಬರೀತೀವಿ."

ಮಗಳ ಹೆಬ್ಬೆರಳು ಟಪಟಪ ಓಡಿತು. "ಕೊನೇಗೆ ಏನು ಹಾಕ್ಲಿ? ವಂದನೆಗಳು ಅಂತಲಾ?"

ಅಕ್ಕ ಕೋಟು ತೊಡೆಗೆಳೆದುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ವಂದನೆ ಯಾತಕ್ಕೆ? ಏನೂ ಬೇಡ. ಹಾಗೇ ಕಳಿಸು."