ಹೆಬಳೆಯಲ್ಲಿ ಕಾಣದ ಬೆಳಕು

ಭಟ್ಕಳಕ್ಕೆ ಬಂದ ತಿಂಗಳಿಗೇ ನನ್ನ ಹೊಸ ಬೀಗದೊಳಗೆ ಕೀಲಿ ತಿರುಗದಾಯಿತು. ವಿಜಯಪುರದಲ್ಲಿ ಅಜ್ಜನ ಕಾಲದ ಬೀಗ ಇಂದಿಗೂ ಟಕ್ಕನೆ ತೆರೆಯುತ್ತದೆ. ಇಲ್ಲಿ ಗಾಳಿಯೇ ಕಬ್ಬಿಣ ತಿನ್ನುತ್ತದೆ. ಮನೆಯೊಡತಿ ಜುಲೇಖಾಬಿ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಹೇಳಿ ನಕ್ಕು, ಕೊಬ್ಬರಿ ಎಣ್ಣೆ ಬಿಟ್ಟು ಬೀಗ ತೆಗೆದುಕೊಟ್ಟರು. ಜೋಳದ ರೊಟ್ಟಿ ಮರೆತು ಕುಚ್ಚಲಕ್ಕಿ ಅನ್ನ ಉಣ್ಣುವುದನ್ನು ನಿಧಾನಕ್ಕೆ ಕಲಿತೆ.

ಭಟ್ಕಳದ ಪಕ್ಕದ ಹೆಬಳೆಯ ಚಿಕ್ಕ ಕಾರ್ಯಾಗಾರವೊಂದರಲ್ಲಿ ನನ್ನ ಕೆಲಸ. ಅತಿ ಮಂದ ಬೆಳಕನ್ನೂ ಗುರುತಿಸುವ ಸಂವೇದಕಗಳನ್ನು ಪರೀಕ್ಷಿಸಲು ನೇರಳಾತೀತ ದೀಪಗಳನ್ನು ಕಟ್ಟುತ್ತೇವೆ. ನಮ್ಮೂರ ಬಿಸಿಲು ಹೇಳಿಯೇ ಸುಡುತ್ತದೆ. ಈ ಬೆಳಕು ಕಣ್ಣಿಗೆ ಕಾಣದೆಯೇ ಕಣ್ಣನ್ನು ಸುಡುತ್ತದೆ. ಅದಕ್ಕೇ ದೀಪವಿಟ್ಟು ಪರೀಕ್ಷೆ ಮಾಡುವ ಪೆಟ್ಟಿಗೆಗೆ, ಮುಚ್ಚಳ ತೆರೆದೊಡನೆ ದೀಪ ಆರಿಸುವ ಸ್ವಿಚ್ಚೊಂದಿತ್ತು.

ಉಪ್ಪುಗಾಳಿಗೆ ಅದೂ ತುಕ್ಕು ಹಿಡಿಯಿತು. ಮುಚ್ಚಳ ಹಾಕಿದ್ದರೂ ದೀಪ ಆರುತ್ತಿತ್ತು. ಕುಮಟಾದಿಂದ ಹೊಸದು ಬರುವವರೆಗೆ ಎಂದುಕೊಂಡು, ನಾನೇ ಎರಡು ತಂತಿ ಜೋಡಿಸಿ ಸ್ವಿಚ್ಚನ್ನು ತಪ್ಪಿಸಿದೆ. ಈಗ ಮುಚ್ಚಳ ತೆರೆದರೂ ದೀಪ ಆರದು. ಜೊತೆಗೆ ಕೆಲಸ ಮಾಡುವ ನಾಗವೇಣಿಗೆ ಹೇಳುವುದು ಉಳಿದುಹೋಯಿತು. ಹೊನ್ನಾವರದ ಮೀನುಗಾರರ ಮನೆಯವಳು. ಪರವೂರಿನ ನನ್ನನ್ನು ಮೊದಲ ದಿನವೇ ಪಕ್ಕದಲ್ಲಿ ಊಟಕ್ಕೆ ಕೂರಿಸಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವಳು ತೆರೆದ ಪೆಟ್ಟಿಗೆಯ ಮೇಲೆ ಬಾಗಿ ಸಂವೇದಕ ಸರಿಪಡಿಸುತ್ತಿದ್ದಳು. ದೀಪ ಉರಿಯುತ್ತಲೇ ಇತ್ತು. ಓಡಿ ಪ್ಲಗ್ ಕಿತ್ತೆ.

“ಎಂತ ಆತು?” ಎಂದಳು.

“ಏನಿಲ್ಲ” ಎಂದೆ.

ದಿನವಿಡೀ ಅವಳ ಕಣ್ಣನ್ನೇ ಕದ್ದು ನೋಡಿದೆ. ಏನೂ ಆಗಿರಲಿಲ್ಲ. ಸಂಜೆ ಮನೆ ಮುಟ್ಟಿದವಳು ಫೋನ್ ಮಾಡಿದಳು. “ಕಣ್ಣೊಳಗೆ ಹೊಯ್ಗೆ ತುಂಬ್ದಾಂಗ್ ಆಗ್ತದೆ. ಬಿಡೂಕೇ ಆಗ್ತಿಲ್ಲ.” ಹೊಯ್ಗೆಯೆಂದರೆ ಮರಳೆಂದು ಅಷ್ಟರಲ್ಲಿ ಕಲಿತಿದ್ದೆ.

ಕಣ್ಣಿನ ಮೇಲ್ಪದರ ಸುಟ್ಟಿದೆ, ಇಂಥ ಉರಿ ತಡವಾಗಿಯೇ ತೋರುತ್ತದೆ, ಕೆಲವು ದಿನಗಳಲ್ಲಿ ಮಾಯುತ್ತದೆ ಎಂದು ವೈದ್ಯರು ಹೇಳಿ ಕಣ್ಣಿಗೆ ಪಟ್ಟಿ ಕಟ್ಟಿದರು. ಮರುದಿನ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಪಟ್ಟಿ ಕಟ್ಟಿದ ಮುಖ ನನ್ನ ದನಿಯತ್ತ ತಿರುಗಿತು.

“ನಿಂಗೆ ಆವಾಗ್ಲೇ ಗೊತ್ತಿತ್ತಾ?”

ಹೌದೆಂದೆ. ಅವಳು ಗೋಡೆಯತ್ತ ಹೊರಳಿ ಮಲಗಿದಳು. ಅವಳ ತಾಯಿ ಬಾಗಿಲವರೆಗೆ ಬಂದು, ನನ್ನ ಹಿಂದೆ ಕದ ಹಾಕಿಕೊಂಡರು.

ದೃಷ್ಟಿ ಮರಳಿತು. ಅವಳೂ ಕೆಲಸಕ್ಕೆ ಮರಳಿದಳು. ನಾನು ದೀಪ ಆರಿಸಿದ್ದೇನೆಂದರೂ, ತಾನೇ ಪ್ಲಗ್ ಕಿತ್ತು ಎಡಗೈಯಲ್ಲಿ ಹಿಡಿದುಕೊಂಡೇ ಮುಚ್ಚಳ ತೆರೆಯುತ್ತಾಳೆ.

ಕಳೆದ ವಾರ ಅವ್ವನ ಫೋನ್ ಬಂದಿತ್ತು. ನಮ್ಮೂರಿಗೇ ಬಂದುಬಿಡು ಎಂದಳು. “ಎಂತಕ್ಕೆ?” ಎಂದು ಇಲ್ಲಿಯವರಂತೆಯೇ ಕೇಳಿಬಿಟ್ಟೆ.

“ಹಂಗಂದ್ರ ಏನವಾ?” ಎಂದಳು ಅವ್ವ.

ಅರ್ಥ ಹೇಳಿದೆ. ಸದ್ಯ ಇಲ್ಲೇ ಇರಬೇಕೆಂದೂ ಹೇಳಿದೆ. ನಾಗವೇಣಿ ನನ್ನ ಮಾತು ನಂಬಿ ಮುಚ್ಚಳ ತೆರೆಯುವ ದಿನದವರೆಗೆ ಎಂಬುದನ್ನು ಮಾತ್ರ ಹೇಳಲಿಲ್ಲ.